ಮೀನು ದಾಳಿ ಮಾಡಿಲ್ಲ, ತುಳಿದದ್ದು ನಾನು

ಮಾನ್ಯ ಸಂಪಾದಕರೇ,

‘ಅಳಿವೆಯಲ್ಲಿ ವಿಷಮೀನಿನ ದಾಳಿ, ಒಬ್ಬರಿಗೆ ಗಾಯ’ ಎಂದು ಮೊನ್ನೆ ಅಚ್ಚಾಯಿತಲ್ಲ, ಆ ಒಬ್ಬ ನಾನೇ. ಎಡಗಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ.

ದಾಳಿಯೂ ಇಲ್ಲ, ಗೀಳಿಯೂ ಇಲ್ಲ. ನೀರಿಳಿದ ಹೊತ್ತಲ್ಲಿ ಬಳಚು (ಚಿಪ್ಪಿನ ಮೀನು) ಹೆಕ್ಕಲು ಅಘನಾಶಿನಿ ನದಿಯ ಅಳಿವೆಗೆ ಇಳಿದಿದ್ದೆ. ನಾನು ತುಳಿದದ್ದು ಇಂಗ್ಲಿಷಿನಲ್ಲಿ ಫ್ಲಾಟ್‌ಹೆಡ್ ಅನ್ನುವ ಮೀನು, ಅದರ ಮಂಡೆ ಹಲಗೆಯ ಹಾಗೆ ಚಪ್ಪಟೆ. ಮೈಬಣ್ಣ ಮರಳಿನದೇ. ಮರಳಲ್ಲಿ ಹೂತುಕೊಂಡು, ನೆತ್ತಿಯ ಎರಡು ಕಣ್ಣು ಮಾತ್ರ ಹೊರಗಿಟ್ಟು, ಸಿಗಡಿಯೋ ಸಣ್ಣ ಮೀನೋ ಬಾಯಿ ಹತ್ತಿರ ಬರುವವರೆಗೆ ಅಲುಗಾಡದೆ ಬಿದ್ದಿರುತ್ತದೆ. ಬಂತೋ, ಗಬಕ್! ನಾನು ಹೋಗಿ ಅದರ ತಲೆಯ ಮೇಲೇ ಕಾಲಿಟ್ಟೆ. ಕೆನ್ನೆಯ ಮುಳ್ಳು ಹಿಮ್ಮಡಿಗೆ ಹೊಕ್ಕಿತು. ಹಳದಿ-ಕಪ್ಪು ಪಟ್ಟೆಯ ಬಾಲ ಬಡಿದು ಓಡಿತಲ್ಲ, ಆಗಲೇ ಅದು ಮೀನೆಂದು ಗೊತ್ತಾದದ್ದು. ನೀವು ಹಾಕಿದ ಫೋಟೊ ಕಲ್ಲುಮೀನಿನದು. ಅದರ ಬೆನ್ನಿನ ಮುಳ್ಳಲ್ಲಿ ವಿಷದ ಚೀಲವೇ ಇದೆ. ಅದನ್ನು ತುಳಿದಿದ್ದರೆ ಈ ಪತ್ರ ಬರೆಯಲು ಕೂರುತ್ತಿದ್ದೆನೇ?

ಗಡಿಬಿಡಿಯಲ್ಲಿ ಮೊಬೈಲ್ ನೀರಿಗೆ ಬಿತ್ತು. ಅರ್ಧ ಬುಟ್ಟಿ ಬಳಚು ಅಲ್ಲೇ ಉಳಿಯಿತು, ಯಾರ ಮನೆ ಸಾರಿಗಾಯಿತೋ. ಕುಂಟುತ್ತಾ ಆಸ್ಪತ್ರೆಗೆ ಹೋದರೆ ಟಿಟಿ ಇಂಜೆಕ್ಷನ್ ‘ನಾಳೆ ಬರ್ತದೆ’. ಮೀನಿನ ಮುಳ್ಳು ಚುಚ್ಚಿದರೆ ತಾಳುವಷ್ಟು ಬಿಸಿನೀರಲ್ಲಿ ಕಾಲಿಡಬೇಕು, ನೋವು ಇಳಿಯುತ್ತದೆ. ಕೇಳಿದ್ದಕ್ಕೆ ‘ಇದೇನು ಹೋಟೆಲ್ಲಾ?’ ಅಂದರು. ಕೊನೆಗೆ ಎದುರಿನ ಚಾ ಅಂಗಡಿಯವನೇ ಬಕೆಟ್ ತುಂಬಿಸಿ ಕೊಟ್ಟ. ಸ್ಟೆತೊಸ್ಕೋಪನ್ನೂ ಅವನ ಕೊರಳಿಗೇ ಹಾಕಿಬಿಡಿ.

‘ಜನ ಎಚ್ಚರದಿಂದ ಇರಬೇಕು’ ಎಂದು ಅಧಿಕಾರಿಗಳು ಹೇಳಿದ್ದನ್ನೂ ಓದಿದೆ. ಮರಳಿನ ಬಣ್ಣದ ಮೀನನ್ನು ಮರಳಲ್ಲಿ ಹುಡುಕುವ ಎಚ್ಚರ ಹೇಗಿರುತ್ತದೆ ಅಂತ ಅವರೇ ಹೇಳಿಕೊಡಲಿ. 2024ರಲ್ಲಿ ನಮ್ಮ ಅಳಿವೆ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು, ಸಂತೋಷ. ದಂಡೆಗೆ ಒಂದು ಲೈಟ್ ಕಂಬವಾದರೂ ಸೇರಿತಾ? ಗಜನಿಯ (ಅಳಿವೆ ಪಕ್ಕದ ತಗ್ಗು ಜಮೀನಿನ) ಒಡ್ಡು ಒಡೆದು ಕಗ್ಗದ (ಉಪ್ಪು ತಾಳುವ ಭತ್ತದ) ಗದ್ದೆಗೆಲ್ಲ ನೀರು ನುಗ್ಗಿದಾಗಲೂ ಇದೇ ಕಥೆ. ಕಚೇರಿಯವರು ‘ಪರಿಶೀಲಿಸುತ್ತೇವೆ’ ಅಂದರು. ಮೂರು ಸಲ ಅರ್ಜಿ ಕೊಟ್ಟೆ. ಮೂರನೇ ಸಲ ‘ಆ ಗುಮಾಸ್ತರು ವರ್ಗ ಆದ್ರು’ ಅಂದರು. ಅರ್ಜಿಯೂ ಅವರ ಜೊತೆ ವರ್ಗವಾಯಿತೋ ಏನೋ. ಆ ಕಚೇರಿಯವರೂ ಹೂತುಕೊಂಡೇ ಕೂತಿದ್ದಾರೆ. ಮೀನಿಗಾದರೂ ಕಣ್ಣು ಹೊರಗಿರುತ್ತದೆ.

ಈಗ ನೀರಿಗೆ ಇಳಿಯುವಲ್ಲಿ ಒಂದು ಫಲಕ ಹಾಕಿಸಿ. ಇಲ್ಲಾಂದ್ರೆ ಆಸ್ಪತ್ರೆಗೆ ಒಂದು ಗೀಸರ್ ಕೊಡಿಸಿ. ಒಡ್ಡನ್ನೂ ಸ್ವಲ್ಪ ನೋಡಿ. ಯಾವುದೂ ಆಗದಿದ್ದರೆ ಸಾಹೇಬರೇ ಒಂದು ದಿನ ಇಳಿತದ ಹೊತ್ತಿಗೆ ಬೂಟು ಬಿಚ್ಚಿಟ್ಟು ಬರಲಿ. ಎಲ್ಲಿ ಕಾಲಿಡಬೇಕು ಅಂತ ನಾನೇ ತೋರಿಸುತ್ತೇನೆ.

– ನೊಂದ ಓದುಗ, ಕುಮಟಾ ತಾಲ್ಲೂಕು