ಕರೆಯುವ ಹೆಸರನ್ನು ಇಂಗ್ಲಿಷ್ ಕಾಗದದಲ್ಲಿ ಬರೆಯುವಾಗ

ಶಿರಸಿ

ಪ್ರೀತಿಯ ತಂಗಿ,

ಗುಮಟೆ ಎಂಬ ಮಣ್ಣಿನ ವಾದ್ಯ ನುಡಿಸುವ ಅಂಕೋಲೆಯ ಕಲಾವಿದರೊಬ್ಬರ ಬಗ್ಗೆ ನೀನು ಇಂಗ್ಲಿಷಿನಲ್ಲಿ ಬರೆದ ಪರಿಚಯ ಓದಿದೆ. ಅವರ ಹಾಡು, ಸುಗ್ಗಿ ಕುಣಿತ, ಮನೆಯ ಕಷ್ಟ ಎಲ್ಲವೂ ಚೆನ್ನಾಗಿ ಬಂದಿದೆ. ಹೆಸರಿನ ಹತ್ತಿರ ಮಾತ್ರ ತಡವರಿಸಿದ್ದೀಯ. ಒಂದು ಕಡೆ ಆಧಾರ್ ಕಾರ್ಡಿನ ಹೆಸರು, ಇನ್ನೊಂದು ಕಡೆ ಊರವರು ಕರೆಯುವ ‘ಗುಮಟೆ ಅಜ್ಜ’. ದೆಹಲಿಯಲ್ಲಿ ಕೂತು ಓದುವವರಿಗೆ ಇವರು ಇಬ್ಬರು ಅಂತಲೇ ಅನಿಸುತ್ತದೆ. ಕರೆಯುವ ಹೆಸರನ್ನು ಬಿಟ್ಟೇಬಿಡಲಾ ಅಂತ ಕೇಳಿದ್ದೀಯ. ಬಿಡಬೇಡ. ಊರು ಅವರನ್ನು ಗುರುತಿಸುವುದೇ ಆ ಹೆಸರಿನಿಂದ. ನಾಳೆ ಯಾರಾದರೂ ಅವರನ್ನು ಹುಡುಕಿಕೊಂಡು ಬಂದರೆ ಬಸ್ ಸ್ಟ್ಯಾಂಡಿನಲ್ಲಿ ಕೇಳುವುದೂ ಅದನ್ನೇ ಅಲ್ವಾ?

ಇಂಗ್ಲಿಷಿನಲ್ಲಿ ರೂಢಿ ಸರಳವಾಗಿದೆ. ಮೊದಲ ಸಲ ದಾಖಲೆಯ ಹೆಸರನ್ನು ಪೂರ್ತಿ ಬರೆಯುತ್ತಾರೆ. ಕರೆಯುವ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ, ಸ್ವಂತ ಹೆಸರಿಗೂ ಮನೆತನದ ಹೆಸರಿಗೂ ನಡುವೆ ಇಡುತ್ತಾರೆ. ಕ್ರಿಕೆಟಿಗ ಮನ್ಸೂರ್ ಅಲಿ ಖಾನ್ “ಟೈಗರ್” ಪಟೌಡಿ ಅನ್ನುವ ಹಾಗೆ. ಒಂದು ಸಲ ಹೀಗೆ ಬರೆದರೆ ಸಾಕು, ಪ್ರತಿ ಪ್ಯಾರಾದಲ್ಲೂ ಬೇಡ. ಚಿಹ್ನೆ ಜೋಡಿಯೋ ಒಂಟಿಯೋ ನೀನೇ ಆರಿಸು, ಆಮೇಲೆ ಬದಲಿಸಬೇಡ. ಹೆಸರನ್ನು ಮೊಟಕು ಮಾಡಿದ್ದಾದರೆ ಚಿಹ್ನೆಯ ಅಗತ್ಯವೇ ಇಲ್ಲ. ಜೇಮ್ಸ್ ಅರ್ಲ್ ಕಾರ್ಟರ್ 1977ರಲ್ಲಿ ಅಮೆರಿಕದ ಅಧ್ಯಕ್ಷರಾಗಿ ಪ್ರಮಾಣ ಮಾಡಿದ್ದೇ ಜಿಮ್ಮಿ ಕಾರ್ಟರ್ ಎಂಬ ಹೆಸರಿನಲ್ಲಿ. ನಮ್ಮ ಮಹಾಬಲೇಶ್ವರ ಊರಿಗೆಲ್ಲ ಮಾಬ್ಲ ಆಗುತ್ತಾನಲ್ಲ, ಅದೂ ಇದೇ ಜಾತಿಯ ಹೆಸರು.

ತೊಡಕು ಇರುವುದು ಬೇರೆ ಕಡೆ. ಮುಂದೆ ಸ್ವಂತ ಹೆಸರು, ಹಿಂದೆ ಮನೆತನದ ಹೆಸರು ಅಂತ ನಂಬಿಕೊಂಡು ಹುಟ್ಟಿದ ರೂಢಿ ಅದು. ನಮ್ಮ ಜಿಲ್ಲೆಯ ಹೆಸರುಗಳು ಹಾಗಿಲ್ಲ. ಯಕ್ಷಗಾನ ಕಲಾವಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರನ್ನೇ ತಗೋ. 2012ರಲ್ಲಿ ಪದ್ಮಶ್ರೀ ಬಂತು. ಯಕ್ಷಗಾನ ನೋಡುವವರಿಗೆ ಅವರು ಬರೀ ಚಿಟ್ಟಾಣಿ. ಹಾಗಂತ ಇಂಗ್ಲಿಷಿನಲ್ಲಿ ಆ ಪದವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿದರೆ ತಪ್ಪು. ಅದು ಊರಿನ ಹೆಸರು, ಅವರ ಹೆಸರಿನ ಭಾಗವೇ ಆಗಿದೆ. ಚಿಹ್ನೆ ಇಲ್ಲದೆ ಮೊದಲಲ್ಲೇ ಬರಲಿ.

ಎರಡನೇ ಸಲ ಹೆಸರು ಬಂದಾಗ ಇಂಗ್ಲಿಷ್ ಸಂಪಾದಕರು ಬರೀ ‘ಹೆಗಡೆ’ ಅಂತ ತಿದ್ದಿಬಿಡುತ್ತಾರೆ. ಅದಕ್ಕೆ ಒಪ್ಪಬೇಡ. ಶಿರಸಿ, ಸಿದ್ದಾಪುರ, ಹೊನ್ನಾವರದಲ್ಲಿ ಬರೀ ಹೆಗಡೆ ಅಂದರೆ ಯಾರು? 1934ರಲ್ಲಿ ಇಡಗುಂಜಿ ಯಕ್ಷಗಾನ ಮೇಳ ಕಟ್ಟಿದ ಕೆರೆಮನೆ ಶಿವರಾಮ ಹೆಗಡೆಯವರೂ ಹೆಗಡೆ, ಅವರ ಮಗ ಶಂಭು ಹೆಗಡೆಯವರೂ ಹೆಗಡೆ. ಅಲ್ಲಿ ಬರೀ ‘ಕೆರೆಮನೆ’ ಅಂದರೂ ಸಾಲದು, ಆ ಮನೆಯ ಎಷ್ಟೋ ಜನ ವೇಷ ಕಟ್ಟಿದವರು. ಹಾಗಾಗಿ ಚಿಟ್ಟಾಣಿಯವರು ಎರಡನೇ ಸಲವೂ ಚಿಟ್ಟಾಣಿ, ಶಂಭು ಹೆಗಡೆಯವರು ಶಂಭು ಹೆಗಡೆಯೇ ಆಗಿರಲಿ. ಸಂಪಾದಕರು ಕೇಳಿದರೆ ಈ ಕಾರಣವನ್ನೇ ವಿವರಿಸು. ಇದು ಹಟ ಅಲ್ಲ, ಓದುಗರಿಗೆ ಮನುಷ್ಯ ಸರಿಯಾಗಿ ಸಿಗಬೇಕು.

ಅಜ್ಜ, ಅಜ್ಜಿ, ಅಕ್ಕ, ಮಾಸ್ತರು ಇವೆಲ್ಲ ಗೌರವದ ಮಾತು. ಅಂಕೋಲೆಯ ಜಾನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. ಜನರ ಬಾಯಲ್ಲಿ ಅವರು ಸುಕ್ರಜ್ಜಿ. ಸುಕ್ರಿ “ಅಜ್ಜಿ” ಬೊಮ್ಮಗೌಡ ಅಂತ ಯಾರಾದರೂ ಬರೆದರೆ ಓದುವಾಗ ಎಷ್ಟು ಕಸಿವಿಸಿ ನೋಡು. ಪೂರ್ತಿ ಹೆಸರು ಬರೆದು ಅಲ್ಪವಿರಾಮ ಹಾಕು. ಆಮೇಲೆ ‘ನೋನ್ ಲೋಕಲೀ ಆಸ್ ಸುಕ್ರಜ್ಜಿ’ ಅಂತ ಮುಂದುವರಿಸು, ಸಹಜವಾಗಿರುತ್ತದೆ. ನಿನ್ನ ಕಲಾವಿದರಿಗೂ ಇದೇ ದಾರಿ. ಗುಮಟೆ ಅಜ್ಜ ಅನ್ನುವುದನ್ನು ಇಂಗ್ಲಿಷಿಗೆ ತಿರುಗಿಸಬೇಡ. ಹಾಗೇ ಇಟ್ಟು, ಗುಮಟೆ ಅಂದರೆ ಮಣ್ಣಿನ ವಾದ್ಯ ಅಂತ ಮುಂದಿನ ವಾಕ್ಯದಲ್ಲಿ ತಿಳಿಸು.

ಬಿರುದಿಗೂ ಹೀಗೇ. ದಿನಕರ ದೇಸಾಯಿಯವರು ಚುಟುಕು ಬ್ರಹ್ಮ. ಅದು ಹೆಸರಿನ ನಡುವೆ ತೂರಿಸುವಂಥದ್ದಲ್ಲ, ಹೆಸರಿನ ನಂತರ ಬರಲಿ. ಕಾವ್ಯನಾಮದ್ದು ಸುಲಭ. ಕುವೆಂಪು ಎಲ್ಲೆಡೆ ಕುವೆಂಪು, ಚಿಹ್ನೆ ಬೇಕಿಲ್ಲ.

ಈಗ ಕೋರ್ಟು ಕಚೇರಿಯ ಕಾಗದ. ಇಲ್ಲಿ ಉದ್ಧರಣ ಚಿಹ್ನೆಯ ಚಂದ ನಡೆಯುವುದಿಲ್ಲ. ಹಳೆಯ ಪಹಣಿಗಳಲ್ಲಿ ಎಷ್ಟೋ ಸಲ ಕರೆಯುವ ಹೆಸರೇ ಕೂತುಬಿಟ್ಟಿರುತ್ತದೆ. ಪಹಣಿಯಲ್ಲಿ ಮಾಬ್ಲ, ಆಧಾರಿನಲ್ಲಿ ಮಹಾಬಲೇಶ್ವರ. ಆಗ ನೋಟರಿ ಎದುರು ಅಫಿಡವಿಟ್ ಮಾಡಿಸಿ, ಎರಡೂ ಹೆಸರು ಒಬ್ಬರದ್ದೇ ಅಂತ ಬರೆಸುತ್ತಾರೆ. ಕನ್ನಡದಲ್ಲಿ ‘ಯಾನೆ’ ಅಥವಾ ‘ಉರ್ಫ್’ ಬರುವ ಜಾಗಕ್ಕೆ ಇಂಗ್ಲಿಷಿನಲ್ಲಿ ‘ಅಲಿಯಾಸ್’ ಬರುತ್ತದೆ. ಪೊಲೀಸ್ ಮತ್ತು ಕೋರ್ಟಿನ ಕಾಗದದಲ್ಲಿ ಅದರ ಬದಲು ಇಮೇಲಿನ ಅಟ್ ಚಿಹ್ನೆಯನ್ನೇ ಹಾಕುವುದೂ ಉಂಟು. ಕಲಾವಿದರ ಪರಿಚಯದಲ್ಲಿ ಮಾತ್ರ ಅಲಿಯಾಸ್ ಬೇಡ. ಆರೋಪಿಗಳ ಪಟ್ಟಿಯಲ್ಲಿ ನೋಡಿ ನೋಡಿ ಜನರಿಗೆ ಅದರ ಮೇಲೆ ಅನುಮಾನ ಕೂತಿದೆ. ಅಜ್ಜನಿಗೆ ಪಾಸ್‌ಪೋರ್ಟ್ ಮಾಡಿಸುವ ಪ್ರಸಂಗ ಬಂದರೆ ಹೆಸರಿನ ಕಲಮಿನಲ್ಲಿ ಗುಮಟೆ ಅಜ್ಜ ಅಂತ ಸೇರಿಸಬೇಡ. ಬೇರೆ ಹೆಸರಿನಿಂದ ಕರೆಯುತ್ತಾರಾ ಅಂತ ಆ ಅರ್ಜಿಯಲ್ಲೇ ಪ್ರತ್ಯೇಕ ಪ್ರಶ್ನೆ ಇದೆ.

ಇನ್ನೊಂದು ಮಾತು, ನನಗೆ ಇದೇ ಎಲ್ಲಕ್ಕಿಂತ ಜಾಸ್ತಿ ಮುಖ್ಯ. ನಮ್ಮ ಊರುಗಳಲ್ಲಿ ಕಾಲು, ಕಣ್ಣು, ಬಣ್ಣ ನೋಡಿ ಇಟ್ಟ ಹೆಸರುಗಳೂ ಇವೆ. ಜಾತಿ ನೋಡಿ ಇಟ್ಟವೂ ಇವೆ. ಕರೆಸಿಕೊಳ್ಳುವವರು ಸುಮ್ನೆ ನಕ್ಕಿರಬಹುದು. ನಕ್ಕ ಮಾತ್ರಕ್ಕೆ ಒಪ್ಪಿದರು ಅಂತ ಅಲ್ಲ. ಅಂಥ ಹೆಸರು ಅಚ್ಚಾದರೆ ಮೊಮ್ಮಕ್ಕಳ ಕಾಲದವರೆಗೂ ಉಳಿಯುತ್ತದೆ. ಅದಕ್ಕೇ, ಕಳಿಸುವ ಮೊದಲು ಒಮ್ಮೆ ಅವರ ಮನೆಗೆ ಹೋಗು. ಮೊದಲ ಪ್ಯಾರಾವನ್ನು ಕನ್ನಡದಲ್ಲಿ ಓದಿ ಹೇಳು. ಯಾವ ಹೆಸರು ಇರಬೇಕು, ಯಾವುದು ಬೇಡ ಅಂತ ಅವರನ್ನೇ ಕೇಳು. ಮನೆಯವರು ಉತ್ತರ ಕೊಡಲು ಬಂದರೂ ಅಜ್ಜನೇ ಹೇಳುವ ತನಕ ಕಾಯಿ. ಆಮೇಲೆ ತಿದ್ದಿದ ಪ್ರತಿಯನ್ನು ನನಗೂ ಕಳಿಸು.

ಪ್ರೀತಿಯಿಂದ,
ನಿನ್ನ ಅಕ್ಕ