ಇನ್ನು ಮುಂದೆ ಬೈಠಕ್ ಕತ್ತರಿಸುವುದಿಲ್ಲ

ಆತ್ಮೀಯ ಚಂದಾದಾರರೇ,

ಧಾರವಾಡದಿಂದ ನಮಸ್ಕಾರ. ವಾರಕ್ಕೆ ಮೂರರಂತೆ ನಿಮಗೆ ಕಳಿಸುತ್ತಿದ್ದ ಮೂರು ನಿಮಿಷದ ಹಿಂದೂಸ್ತಾನಿ ಗಾಯನದ ತುಣುಕುಗಳನ್ನು ಬರುವ ತಿಂಗಳಿಂದ ನಿಲ್ಲಿಸುತ್ತಿದ್ದೇವೆ. ಬದಲಿಗೆ ತಿಂಗಳಿಗೆ ಎರಡು ಬೈಠಕ್‌ಗಳು (ಗಾಯನ ಕಛೇರಿಗಳು), ತಂಬೂರಿ ಶ್ರುತಿ ಮಾಡುವಲ್ಲಿಂದ ಮೂರು ಸಲ ಹೇಳಿ ಮುಗಿಸುವ ಕೊನೆಯ ತಿಹಾಯಿಯವರೆಗೆ, ಇಡಿಯಾಗಿ ಬರುತ್ತವೆ. ಚಂದಾ ಹಣ ಈಗಿನಷ್ಟೇ.

ಹೊಸಬರಿಗೆ ಸ್ವಲ್ಪ ರುಚಿ ಹತ್ತಿಸಿದರೆ ಆಮೇಲೆ ತಾವೇ ಕೂತು ಕೇಳುತ್ತಾರೆ ಎಂದುಕೊಂಡು ತುಣುಕು ಮಾಡಿದ್ದೆವು. ಹೋದ ಮಳೆಗಾಲದಲ್ಲಿ ಗದಗಿನ ಹಿರಿಯ ಚಂದಾದಾರರೊಬ್ಬರು ಫೋನ್ ಮಾಡಿದರು. “ಈಗರೇ ಗಾಂಧಾರಕ್ಕ ಬಂದಿದ್ರು, ಅಷ್ಟರಾಗ ಮುಗಿಸಿಬಿಟ್ರಲ್ಲರೀ!” ಗಾಂಧಾರವೆಂದರೆ ಏಳು ಸ್ವರಗಳಲ್ಲಿ ಇನ್ನೂ ಮೂರನೆಯದು. ಆ ಮಾತು ನಮ್ಮನ್ನು ಬಹಳ ದಿನ ಬಿಡಲಿಲ್ಲ.

ವಿಲಂಬಿತ್ ಏಕತಾಲಕ್ಕೆ, ಅಂದರೆ ನಿಧಾನಗತಿಯ ಏಕತಾಲಕ್ಕೆ, 12 ಮಾತ್ರೆ (ಎಣಿಕೆ). ಕಿರಾನಾ ಘರಾಣೆಯ ಗಾಯನ ಪರಂಪರೆಯವರು ಹಾಡುವ ನಿಧಾನದಲ್ಲಿ ಒಂದು ಆವರ್ತನಕ್ಕೇ (ತಾಳದ ಒಂದು ಸುತ್ತಿಗೇ) ಒಂದು ನಿಮಿಷದ ಹತ್ತಿರ ಬೇಕು. ನಮ್ಮ ತುಣುಕಿನಲ್ಲಿ ಸಮ್, ಅಂದರೆ ಆವರ್ತನದ ಮೊದಲ ಮಾತ್ರೆ, ಬರುತ್ತಿದ್ದುದು ಮೂರೇ ಸಲ. ಷಡ್ಜದಲ್ಲಿ (ಸ) ನೆಲೆನಿಂತು, ಒಂದೊಂದೇ ಸ್ವರವನ್ನು ಬಿಡಿಸುತ್ತ ತಾರ ಷಡ್ಜ (ಮೇಲಿನ ಸ) ಮುಟ್ಟುವ ಬಢತ್, ಆ ರಾಗದ ಬೆಳವಣಿಗೆ, ಅಷ್ಟರಲ್ಲಿ ಎಲ್ಲಿ ಹಿಡಿಸೀತು? ಆ ಷಡ್ಜದ ಸುಖ ಅರ್ಧ ಗಂಟೆ ಕಾದು ಕೂತವರದು. ಕಾಯುವುದನ್ನು ತೆಗೆದುಹಾಕಿ ಸುಖವನ್ನಷ್ಟೇ ಕಳಿಸಲು ನಾವು ಹೊರಟಿದ್ದೆವು.

ಹಳೆಯ 78 ಆರ್‌ಪಿಎಂ ತಟ್ಟೆಗಳೂ ಹೆಚ್ಚುಕಡಿಮೆ ಮೂರು ನಿಮಿಷದವೇ ಅಲ್ಲವೇ ಎಂದು ನಮ್ಮ ಬಳಗದಲ್ಲೇ ವಾದ ಬಂತು. ಹೌದು. ಆದರೆ ಕಿರಾನಾ ಘರಾಣೆಯ ಹಿರಿಯ ಗಾಯಕ ಅಬ್ದುಲ್ ಕರೀಂ ಖಾನರು ಆ ಅಳತೆ ಗೊತ್ತಿದ್ದೇ ಹಾಡಿದರು, ರಾಗವನ್ನು ಅದರೊಳಗೇ ಕಟ್ಟಿದರು. ನಮ್ಮ ಕಲಾವಿದರು ಒಂದೂಕಾಲು ಗಂಟೆಗೆ ಕಟ್ಟಿದ್ದನ್ನು ನಾವು ಆಮೇಲೆ ಕತ್ತರಿಸಿದೆವು. ಖಾನರ ಶಿಷ್ಯ ಸವಾಯಿ ಗಂಧರ್ವರ ನೆನಪಿಗೆ ಕುಂದಗೋಳದ ನಾಡಿಗೇರ ವಾಡೆಯಲ್ಲಿ ನಡೆಯುವ ಅಹೋರಾತ್ರಿ ಸಂಗೀತಕ್ಕೆ ನಮ್ಮ ಜನ ಬೆಳಗಿನತನಕ ಕೂರುತ್ತಾರೆ. ಅಂಥ ಸೀಮೆಯಲ್ಲಿದ್ದುಕೊಂಡು ನಿಮಗೆ ತಾಳ್ಮೆ ಇಲ್ಲವೆಂದು ನಾವೇ ತೀರ್ಮಾನಿಸಿದ್ದು ತಪ್ಪು. ಕ್ಷಮೆ ಇರಲಿ.

ಇನ್ನೊಂದು ತಪ್ಪೂ ಆಗಿದೆ. ಗದ್ದಲ ತೆಗೆಯುವ ತಂತ್ರಾಂಶಕ್ಕೆ ಎಡೆಬಿಡದ ನಾದವೆಲ್ಲ ಫ್ಯಾನಿನ ಸದ್ದಿನಂತೆಯೇ. ತಂಬೂರಿಯ ಜವಾರಿಯನ್ನೂ (ತಂತಿಗಳ ಝೇಂಕಾರವನ್ನೂ) ಅದು ಗದ್ದಲವೆಂದೇ ಅಳಿಸುತ್ತ ಬಂದಿತ್ತು. ದನಿ ಸ್ವಚ್ಛವಾಯಿತೆಂದು ನಾವು ಸಂತೋಷಪಟ್ಟೆವು, ಆದರೆ ಗಾಯಕರ ಬೆನ್ನಿಗಿದ್ದ ಆಸರೆಯೇ ತೆಳ್ಳಗಾಗಿತ್ತು. ಅದನ್ನು ಕೈಬಿಟ್ಟಿದ್ದೇವೆ. ಇನ್ನು ಮೇಲೆ ಹೊರಗಿನ ಬಸ್ಸಿನ ಹಾರ್ನ್ ಒಮ್ಮೊಮ್ಮೆ ಕೇಳೀತು, ಸಹಿಸಿಕೊಳ್ಳಿ.

75 ನಿಮಿಷದ ಒಂದು ಬೈಠಕ್ ಸುಮಾರು 70 ಎಂಬಿ ಆಗುತ್ತದೆ. ಡೇಟಾ ಸಾಲದವರಿಗೆ ಅರ್ಧ ಗಾತ್ರದ್ದೂ ಇರುತ್ತದೆ. ಹಳೆಯ ತುಣುಕುಗಳನ್ನು ತೆಗೆಯುವುದಿಲ್ಲ. ಈ ಕ್ರಮ ಬೇಡವೆನ್ನುವವರು ತಿಳಿಸಿದರೆ ಉಳಿದ ತಿಂಗಳುಗಳ ಹಣ ಮರಳಿಸುತ್ತೇವೆ. ತುಣುಕು ಮಾಡುವ ಖರ್ಚಿನಲ್ಲಿ ಉಳಿದದ್ದು ತಬಲಾ, ಹಾರ್ಮೋನಿಯಂ ಸಾಥಿದಾರರ ಸಂಭಾವನೆಗೆ ಸೇರುತ್ತದೆ. ಅವರಿಗೆ ಇಷ್ಟು ದಿನ ಕೊಟ್ಟದ್ದು ಕಡಿಮೆಯೇ.

ಮೊದಲನೆಯದು ತೋಡಿ, ಬೆಳಗಿನ ರಾಗ. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ, ಅದರ ಹೊತ್ತಿಗೇ ಕಳಿಸುತ್ತೇವೆ. ಚಹಾ ಮುಗಿಸಿ ಕೂತುಕೊಳ್ಳಿ.

ನಿಮ್ಮ ಬಳಗ,
ಧಾರವಾಡ