ಊರ ಸುದ್ದಿ ನಡಾವಳಿ ಪುಸ್ತಕದಿಂದ ಶುರುವಾಗಲಿ

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಊರಿನ ಸುದ್ದಿ ಮತ್ತು ರಾಜಕೀಯವನ್ನು ತಾವೇ ಬರೆದು ಹಂಚಲು ಹೊರಟಿರುವ ಯುವಕ ಯುವತಿಯರು ಈಗ ಪ್ರತಿ ತಾಲ್ಲೂಕಿನಲ್ಲೂ ಕಾಣಸಿಗುತ್ತಾರೆ. ಇದು ಸ್ವಾಗತಾರ್ಹ. ಆದರೆ ಅವರಲ್ಲಿ ಹಲವರ ಬರಹ ಶಾಸಕರ ಗುದ್ದಲಿ ಪೂಜೆ, ಮುಖಂಡರ ಹುಟ್ಟುಹಬ್ಬ ಮತ್ತು ಸನ್ಮಾನ ಸಮಾರಂಭಗಳನ್ನು ದಾಟಿ ಮುಂದೆ ಹೋಗುತ್ತಿಲ್ಲ. ಗ್ರಾಮ ಪಂಚಾಯಿತಿ ಕಾರ್ಯದರ್ಶಿಯಾಗಿ ಹಲವು ಊರುಗಳಲ್ಲಿ ಕೆಲಸ ಮಾಡಿ ನಿವೃತ್ತನಾದ ನನಗೆ, ಕಚೇರಿಯಲ್ಲಿ ಕೂತವರು ಯಾರಿಗೆ ಅಂಜುತ್ತಾರೆ ಎಂಬುದು ಚೆನ್ನಾಗಿ ಗೊತ್ತು. ಭಾಷಣ ಮಾಡುವವರಿಗೆ ಒಂದು ಲೋಟ ಚಹಾ ಕೊಟ್ಟು ಸಮಾಧಾನಪಡಿಸಬಹುದು. ಸಾಮಾನ್ಯ ಸಭೆಯ ನಡಾವಳಿ ಪುಸ್ತಕ, ಅಂದರೆ ಸಭೆಯ ಚರ್ಚೆ, ತೀರ್ಮಾನಗಳನ್ನು ಬರೆದಿಡುವ ಪುಸ್ತಕ ತೋರಿಸಿ ಎಂದು ಕೇಳುವವರನ್ನು ಹಾಗೆ ಕಳುಹಿಸಲಾಗದು.

ಪಂಚಾಯಿತಿಯ ವಾರ್ಷಿಕ ಕ್ರಿಯಾಯೋಜನೆಯನ್ನೇ ತೆಗೆದುಕೊಳ್ಳಿ. ಅದರಲ್ಲಿ ಕಾಮಗಾರಿಗಳನ್ನು ‘ಇಂಥವರ ಮನೆಯಿಂದ ದೇವಸ್ಥಾನದವರೆಗೆ ಸಿ.ಸಿ. ಚರಂಡಿ’ ಎಂದು ಬರೆಯುವುದು ವಾಡಿಕೆ. ಒಂದು ವರ್ಷ ಉದ್ಯೋಗ ಖಾತರಿ ಲೆಕ್ಕದಲ್ಲಿ ಮುಗಿದ ಚರಂಡಿ, ಎರಡು ವರ್ಷ ಬಿಟ್ಟು 15ನೇ ಹಣಕಾಸು ಆಯೋಗದ ಅನುದಾನದಲ್ಲಿ ‘ದೇವಸ್ಥಾನದಿಂದ ಇಂಥವರ ಮನೆಯವರೆಗೆ’ ಎಂದು ತಿರುವುಮುರುವಾಗಿ ಮತ್ತೆ ಕಾಣಿಸಿಕೊಂಡರೆ ಜಿಲ್ಲಾ ಕೇಂದ್ರದಲ್ಲಿರುವ ವರದಿಗಾರರಿಗೆ ಅದು ತಿಳಿಯುವುದು ಕಷ್ಟ; ದಿನವೂ ಆ ಚರಂಡಿ ದಾಟಿಕೊಂಡು ಹೋಗುವವರಿಗೆ ಎರಡು ಕಾಗದ ಪಕ್ಕಪಕ್ಕ ಇಟ್ಟೊಡನೆ ತಿಳಿಯುತ್ತದೆ. ಊರಿನವರೇ ಊರಿನ ಸುದ್ದಿ ಬರೆಯಬೇಕು ಎನ್ನಲು ಇದಕ್ಕಿಂತ ಗಟ್ಟಿಯಾದ ಕಾರಣ ನನಗೆ ತೋರುವುದಿಲ್ಲ.

ಈ ಕಾಗದಗಳನ್ನು ಪಡೆಯುವುದು ದೊಡ್ಡ ಸಾಹಸವೂ ಅಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಕೊಟ್ಟರೆ 30 ದಿನಗಳೊಳಗೆ ಉತ್ತರ ಬರಬೇಕು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿದ್ದು 150 ಪದಗಳನ್ನು ಮೀರಬಾರದು ಎಂಬುದನ್ನು ಮರೆತು ಉದ್ದುದ್ದ ಬರೆದವರ ಅರ್ಜಿಗಳು ಅದೇ ನೆಪದಲ್ಲಿ ಹಿಂದಿರುಗುತ್ತವೆ. ಆದ್ದರಿಂದ ‘ಪಂಚಾಯಿತಿಯ ಎಲ್ಲ ಅವ್ಯವಹಾರಗಳ ಮಾಹಿತಿ ಕೊಡಿ’ ಎಂದು ಬರೆಯುವ ಬದಲು, ನಿರ್ದಿಷ್ಟ ಕಾಮಗಾರಿಯೊಂದರ ಅಂದಾಜು ಪಟ್ಟಿ, ಅಳತೆ ಪುಸ್ತಕದ ಪುಟಗಳು ಮತ್ತು ಬಿಲ್ ಪಾವತಿಯ ವಿವರಗಳನ್ನು ಕೇಳಬೇಕು. ಬಂದ ಮೇಲೆ ಟೇಪು ಹಿಡಿದು ಚರಂಡಿಯ ಉದ್ದ ಅಳೆಯುವುದೂ ವರದಿಗಾರಿಕೆಯೇ.

ಗ್ರಾಮ ಸಭೆಯನ್ನು ಆರು ತಿಂಗಳಿಗೊಮ್ಮೆಯಾದರೂ ನಡೆಸಬೇಕೆಂದು 1993ರ ಪಂಚಾಯತ್ ರಾಜ್ ಕಾಯ್ದೆ ಹೇಳುತ್ತದೆ. ಊರಿನ ಮತದಾರರಿಗೆಲ್ಲ ಅಲ್ಲಿ ಕೂತು ಪ್ರಶ್ನೆ ಕೇಳುವ ಹಕ್ಕಿದೆ. ಅದಕ್ಕೆ ಪತ್ರಕರ್ತರ ಗುರುತಿನ ಚೀಟಿ ಬೇಡ, ಬೈಕಿನ ಮುಂದೆ ‘ಪ್ರೆಸ್’ ಎಂಬ ಚೀಟಿಯಂತೂ ಖಂಡಿತ ಬೇಡ. ಸಭೆಗೆ ನಿಜವಾಗಿ ಎಷ್ಟು ಜನ ಬಂದಿದ್ದರು, ಹಾಜರಾತಿ ಪುಸ್ತಕದಲ್ಲಿ ಎಷ್ಟು ಸಹಿಗಳಿವೆ, ಆ ಸಹಿಗಳಲ್ಲಿ ಸಭೆ ಮುಗಿದ ಮೇಲೆ ಮನೆಮನೆಗೆ ಹೋಗಿ ಹಾಕಿಸಿಕೊಂಡವೆಷ್ಟು ಎಂಬಿಷ್ಟನ್ನು ಬರೆದರೂ ಮುಂದಿನ ಸಭೆಯ ಸ್ವರೂಪ ಬದಲಾಗುತ್ತದೆ.

ಇನ್ನು ರಾಜಕೀಯ. ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯಿಲ್ಲದೆ ನಡೆಯುತ್ತದೆಯಾದರೂ ಯಾರು ಯಾರ ಬಣ ಎಂಬುದು ಊರಿಗೆಲ್ಲ ಗೊತ್ತಿರುತ್ತದೆ. ಗೊತ್ತಿರುವುದನ್ನೇ ಮತ್ತೆ ಬರೆಯುವುದರಿಂದ ಪ್ರಯೋಜನ ಕಡಿಮೆ. ನನ್ನ ಕಳವಳ ಬೇರೆಯದು. 2016ರಲ್ಲಿ ಆಯ್ಕೆಯಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗಿದ ಬಳಿಕ ಆ ಸಂಸ್ಥೆಗಳು ವರ್ಷಗಟ್ಟಲೆ ಚುನಾಯಿತ ಸದಸ್ಯರಿಲ್ಲದೆ ಆಡಳಿತಾಧಿಕಾರಿಗಳ ಕೈಯಲ್ಲೇ ನಡೆದವು. ಅಬ್ದುಲ್ ನಜೀರ್ ಸಾಬ್ ಅವರು ಪಂಚಾಯತ್ ರಾಜ್ ಸಚಿವರಾಗಿದ್ದು ಪಂಚಾಯಿತಿ ವ್ಯವಸ್ಥೆಯನ್ನು ಕಟ್ಟಿದ, 1987ರಲ್ಲಿ ಜಿಲ್ಲಾ ಪರಿಷತ್ ಚುನಾವಣೆ ನಡೆಸಿ ದೇಶಕ್ಕೆ ಮಾದರಿಯಾದ ನಾಡಿನಲ್ಲಿ ಇಂಥದೊಂದು ಶೂನ್ಯ ಹೆಚ್ಚು ಸದ್ದಿಲ್ಲದೆ ಸಂದುಹೋಯಿತು. ಶಾಲೆಯ ಸೋರುವ ಚಾವಣಿಯ ಬಗ್ಗೆ ಸಭೆಯಲ್ಲಿ ಎದ್ದು ನಿಂತು ಕೇಳುವ ಸದಸ್ಯರೇ ಇಲ್ಲದಿದ್ದಾಗ ಕೇಳುವ ಹೊಣೆ ಬರೆಯುವವರ ಮೇಲೆ ಬೀಳುತ್ತದೆ.

ಹಾಗೆಂದು ಕೇಳಿದ್ದನ್ನೆಲ್ಲ ಬರೆಯಲಾಗದು. ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್‌ ಪ್ರಕಾರ ಮಾನಹಾನಿ ಅಪರಾಧ. ಬರೆದದ್ದು ನಿಜ ಎಂದಷ್ಟೇ ಹೇಳಿದರೆ ಸಾಲದು, ಸಾರ್ವಜನಿಕ ಹಿತಕ್ಕಾಗಿ ಪ್ರಕಟಿಸಿದ್ದು ಎಂಬುದನ್ನೂ ತೋರಿಸಬೇಕಾಗುತ್ತದೆ. ಅಭಿವೃದ್ಧಿ ಅಧಿಕಾರಿಯ ಅಥವಾ ಅಧ್ಯಕ್ಷರ ಉತ್ತರವನ್ನು ಕೇಳಿ, ಅದು ಹಾರಿಕೆಯ ಉತ್ತರವೇ ಆಗಿದ್ದರೂ ಪೂರ್ತಿಯಾಗಿ ಹಾಕಬೇಕು. ಫಲಾನುಭವಿಗಳ ಬ್ಯಾಂಕ್ ಖಾತೆ ಸಂಖ್ಯೆ ಇರುವ ಪಟ್ಟಿಯ ಫೋಟೊ ತೆಗೆದು ಹಾಗೆಯೇ ಹಂಚುವ ಚಾಳಿ ಮಾತ್ರ ಕೂಡಲೇ ನಿಲ್ಲಬೇಕು. ಬಡವರ ವಿವರ ಬಯಲು ಮಾಡಿ ಪಂಚಾಯಿತಿಯ ಹುಳುಕು ತೋರಿಸುವ ಅಗತ್ಯವಿಲ್ಲ.

ತಮ್ಮಂಥ ಪತ್ರಿಕೆಗಳಿಗೂ ಇದರಲ್ಲಿ ಪಾಲಿದೆ. 1843ರ ಜುಲೈ 1ರಂದು ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ದಲ್ಲಿ ಊರ ವರ್ತಮಾನಕ್ಕೆಂದೇ ಜಾಗವಿತ್ತು. ಇಂದು ತಾಲ್ಲೂಕಿನ ಸುದ್ದಿಯನ್ನು ಬಹುತೇಕ ಅರೆಕಾಲಿಕ ವರದಿಗಾರರೇ ಕಳಿಸುತ್ತಾರೆ, ಅವರಲ್ಲಿ ಅನೇಕರು ಜಾಹೀರಾತನ್ನೂ ತರಬೇಕು. ಹಬ್ಬದ ಶುಭಾಶಯದ ಜಾಹೀರಾತಿಗಾಗಿ ಯಾರ ಬಳಿ ಹೋಗಬೇಕೋ ಅವರ ಕಾಮಗಾರಿಯನ್ನೇ ಪ್ರಶ್ನಿಸಿ ಎಂದರೆ ಅವರಾದರೂ ಏನು ಮಾಡಿಯಾರು? ಅವರ ಸಂಭಾವನೆಯನ್ನು ಜಾಹೀರಾತಿನಿಂದ ಬೇರ್ಪಡಿಸುವ ಬಗ್ಗೆ ತಾವು ಯೋಚಿಸಬೇಕು. ಜೊತೆಗೆ, ಆಯಾ ವಾರ ಜಿಲ್ಲೆಯಲ್ಲಿ ನಡೆಯಲಿರುವ ವಾರ್ಡ್ ಸಭೆ ಮತ್ತು ಗ್ರಾಮ ಸಭೆಗಳ ಸ್ಥಳ, ದಿನಾಂಕ, ವೇಳೆಯನ್ನು ಪ್ರತಿ ಸೋಮವಾರ ಜಿಲ್ಲಾ ಪುಟದಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ. ಪಟ್ಟಿಯನ್ನು ತಾಲ್ಲೂಕು ಪಂಚಾಯಿತಿ ಕಚೇರಿಗಳಿಂದ ಮುಂಚಿತವಾಗಿ ತರಿಸಿಕೊಳ್ಳಬಹುದು. ಕೊಡಲು ಹಿಂದೇಟು ಹಾಕಿದ ಕಚೇರಿಯ ಹೆಸರನ್ನೂ ಅಲ್ಲಿಯೇ ಅಚ್ಚು ಮಾಡಬಹುದು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪಂಚಾಯಿತಿ ಕಾರ್ಯದರ್ಶಿ